ಎರಡನೆಯ ಪಯಣ

(ಶ್ರಾವಣಮಾಸದ ಪ್ರವಚನಮಾಲೆಯ ಸಮಾರೋಪದಂದು ಪೂಜ್ಯ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಒಂದು ತಿಂಗಳ ಕಾಲ ಮಳೆಯನ್ನೂ ಲೆಕ್ಕಿಸದೆ, ಹೊಲಮನೆಯ ಕೆಲಸವನ್ನೂ ಬದಿಗಿಟ್ಟು ಬಂದು ಕೇಳಿದ್ದೀರಿ. ಸಮಾರೋಪದ ದಿನ ಪ್ರಸಾದತತ್ತ್ವದ ಬಗ್ಗೆ ಹೇಳಬೇಕೆಂದಿದ್ದೆವು. ಆದರೆ ಇಂದು ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದರೆ ಮಠದ ಅಂಗಳದಲ್ಲಿ ಎರಡು ಲಾರಿ ಜನ ಬಂದು ಕುಳಿತಿದ್ದರು. ನಮ್ಮ ಶಾಖಾಮಠವೊಂದರ ಭಕ್ತರು. ಅವರಲ್ಲಿ ಹಿರಿಯರೊಬ್ಬರು ಎದ್ದು ನಿಂತು, “ಬುದ್ಧೀ, ಹನ್ನೊಂದು ವರ್ಷ ನಮ್ಮ ಜೊತೆಗಿದ್ದ ಅಪ್ಪಗಳನ್ನು ಬೇರೆ ಊರಿಗೆ ಕಳಿಸುತ್ತೀರಂತೆ. ನಮ್ಮನ್ನು ಪರದೇಶಿಗಳನ್ನಾಗಿ ಮಾಡಬೇಡಿರಿ” ಎಂದು ಕಣ್ಣೀರು ಹಾಕಿದರು.

ಅವರ ಕಣ್ಣೀರು ಸುಳ್ಳಲ್ಲ. ಆ ಚರಮೂರ್ತಿಗಳು ಹೋದಾಗ ಆ ಮಠದ ಮಾಡು ಸೋರುತ್ತಿತ್ತು. ಇಂದು ಅಲ್ಲಿ ಪ್ರಸಾದನಿಲಯವಿದೆ, ಬಡಮಕ್ಕಳು ಉಂಡು ಓದುತ್ತಿದ್ದಾರೆ. ಈಗ ನಾವು ಅವರಿಗೆ ಘಟ್ಟದಂಚಿನ ಒಂದು ಶಾಖಾಮಠಕ್ಕೆ ಹೋಗಿರೆಂದು ಹೇಳಿದ್ದೇವೆ. ಅಲ್ಲಿ ಬಹಳ ವರ್ಷಗಳಿಂದ ದೀಪ ಹಚ್ಚುವವರಿಲ್ಲ. “ಅಪ್ಪಣೆಯಾದರೆ ಹೋಗುತ್ತೇನೆ” ಎಂದು ಅವರು ಹೇಳಿದ್ದಾರೆ. ಬಾಯಿ ಹೇಳಿದೆ, ಮುಖ ಇನ್ನೂ ಹೇಳಿಲ್ಲ. ಆದ್ದರಿಂದ ಇಂದು ಈ ವಿಷಯವನ್ನೇ ವಿಚಾರಮಾಡೋಣ.

‘ಜಂಗಮ’ ಎಂಬ ಶಬ್ದವನ್ನು ನಾವು ದಿನಕ್ಕೆ ನೂರು ಸಲ ಆಡುತ್ತೇವೆ. ಅದರ ವ್ಯುತ್ಪತ್ತಿಯನ್ನು ನೋಡಿರಿ. ‘ಗಮ್’ ಎಂದರೆ ಹೋಗು. ಅದಕ್ಕೆ ವ್ಯಾಕರಣದಲ್ಲಿ ಯಙ್ ಎಂಬ ಪ್ರತ್ಯಯ ಬಂದು ಧಾತುವಿಗೆ ದ್ವಿತ್ವವಾಗುತ್ತದೆ. ಎಂದರೆ ಧಾತು ತನ್ನನ್ನು ತಾನೇ ಎರಡು ಸಲ ಹೇಳಿಕೊಳ್ಳುತ್ತದೆ. ಒಂದು ಸಲ ಮನೆ ಬಿಟ್ಟು ಹೋದವನು ಬರಿಯ ಪಯಣಿಗ. ಹೋದಲ್ಲಿಂದ ಮತ್ತೆ ಹೋಗಬಲ್ಲವನು ಜಂಗಮ. ಇನ್ನೊಂದು ಸ್ವಾರಸ್ಯವಿದೆ. ನಡೆಯುವ ಅರ್ಥದ ಧಾತುಗಳಿಗೆ ಈ ಪ್ರತ್ಯಯ ಬಂದರೆ ‘ವಕ್ರವಾಗಿ ನಡೆ’ ಎಂಬ ಅರ್ಥವೆಂದು ಪಾಣಿನಿ ಮಹರ್ಷಿಗಳ ವಿಧಾನ. ಜಂಗಮನ ದಾರಿ ನೇರವಾದ ರಾಜಬೀದಿಯಲ್ಲ, ಹೊಳೆಯ ಹಾಗೆ ತಿರುವು ಮುರುವು ಉಳ್ಳದ್ದು.

ಇದಕ್ಕೆ ನಮ್ಮವರ ದೃಷ್ಟಾಂತವನ್ನೇ ಕೊಡಬಹುದು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದರೆಂದೂ, ಆದಯ್ಯನವರು ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದರೆಂದೂ ಪರಂಪರೆ ಹೇಳುತ್ತದೆ. ಹೊರಗಿನಿಂದ ಬಂದ ಅವರು ವಚನ ಹೇಳಿದ್ದು ಕನ್ನಡದಲ್ಲಿ. ಆದರೆ ಮನೆಯವರ ಗುಣ ನಮಗೆ ರೂಢಿಯಾಗಿ ಕಣ್ಣಿಗೆ ಕಾಣದೆ ಹೋಗುತ್ತದೆ. ಆದ್ದರಿಂದ ಇಂದು ಪರಮತದವರೊಬ್ಬರ, ಪರದೇಶದವರೊಬ್ಬರ ದೃಷ್ಟಾಂತವನ್ನು ಹೇಳುತ್ತೇವೆ. ಅವರ ಹೆಸರು ಹರ್ಮನ್ ಮೊಗ್ಲಿಂಗ್.

ಮೊಗ್ಲಿಂಗರು ಜರ್ಮನ್ ದೇಶದ ವುರ್ಟೆಂಬರ್ಗ್ ಸೀಮೆಯವರು. 1811ರಲ್ಲಿ ಜನನ. ಟ್ಯೂಬಿಂಗೆನ್ನಿನಲ್ಲಿ ಅಧ್ಯಯನ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಬಂದದ್ದು ತಮ್ಮ ಮತವನ್ನು ಬೋಧಿಸಲಿಕ್ಕೆ. ಇದನ್ನು ಮುಚ್ಚಿಟ್ಟು ಹೇಳುವ ಕಾರಣವಿಲ್ಲ. 1844ರಲ್ಲಿ ಮಂಗಳೂರಿನ ತರುಣರು ಕೆಲವರು ಆ ಮತವನ್ನು ಸೇರಿದಾಗ ಊರಿನಲ್ಲಿ ದೊಡ್ಡ ಕೋಲಾಹಲವಾಯಿತು. ಮಗನನ್ನು ಕಳೆದುಕೊಂಡೆವೆಂದು ಅತ್ತ ತಾಯಿತಂದೆಗಳ ದುಃಖವೂ ದುಃಖವೇ. ಆ ವಿಷಯದಲ್ಲಿ ಅವರಿಗೂ ನಮಗೂ ದಾರಿ ಬೇರೆ. ಆದರೆ ಗುಣ ಯಾರಲ್ಲಿದ್ದರೂ ಗುಣವೇ.

ಇಪ್ಪತ್ತೈದರ ಪ್ರಾಯದಲ್ಲಿ ಕಡಲು ದಾಟಿ ಬಂದ ಈ ಮನುಷ್ಯ ಮೊದಲು ಮಾಡಿದ ಕೆಲಸವೇನು? ಕನ್ನಡ ಕಲಿತರು. ಹುಡುಗರಿಗೆ ಪಾಠಶಾಲೆ ನಡೆಸಿದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಅದೇ ಕನ್ನಡದ ಮೊತ್ತಮೊದಲ ವೃತ್ತಪತ್ರಿಕೆ. ಇಂದಿಗೂ ನಮ್ಮ ನಾಡಿನಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟದ ಆ ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ನುಣುಪಾದ ಕಲ್ಲಿನ ಮೇಲೆ ಎಣ್ಣೆಯ ಶಾಯಿಯಿಂದ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆಮಾಡಿ, ಮಸಿ ಸವರಿ ಕಾಗದ ಒತ್ತುವುದು. ಒದ್ದೆಯಾದ ಕಲ್ಲು ಮಸಿಯನ್ನು ಹಿಡಿಯುವುದಿಲ್ಲ, ಅಕ್ಷರ ಮಾತ್ರ ಹಿಡಿಯುತ್ತದೆ. ಮರುವರ್ಷವೇ ಆ ಪತ್ರಿಕೆ ಅಚ್ಚುಮೊಳೆಯ ಅನುಕೂಲವಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಮುಂದೆ ಅವರು ಕನ್ನಡದ ಹಳೆಯ ಕಾವ್ಯಗಳನ್ನು ಅಚ್ಚು ಹಾಕಿಸಿದರು. ಜೈಮಿನಿ ಭಾರತ, ದಾಸರ ಪದಗಳು, ಕೇಳಿರಿ, ನಮ್ಮ ಬಸವಪುರಾಣ, ನಮ್ಮ ಚನ್ನಬಸವಪುರಾಣ! ಮಠಗಳಲ್ಲಿ ತಾಳೆಗರಿಯ ಕಟ್ಟುಗಳಾಗಿ ಅರಿವೆಯೊಳಗೆ ಸುತ್ತಿಟ್ಟು ಶ್ರಾವಣದಲ್ಲಿ ಮಾತ್ರ ಬಿಚ್ಚುತ್ತಿದ್ದ ಪುರಾಣವನ್ನು 1850ರ ಸುಮಾರಿಗೆ ಕಾಗದದ ಮೇಲೆ ತಂದವರು ಒಬ್ಬ ಕ್ರೈಸ್ತ ಪಾದ್ರಿಗಳು. ತಾವು ಒಪ್ಪದ ಧರ್ಮದ ಗ್ರಂಥವನ್ನೂ ಕಾಪಾಡಬೇಕೆಂದು ಅವರಿಗೆ ತೋರಿತು. ನಮಗೆ ಎಷ್ಟು ಗ್ರಂಥಗಳ ವಿಷಯದಲ್ಲಿ ಹಾಗೆ ತೋರಿದೆ?

ಇದು ಮೊದಲನೆಯ ಪಯಣದ ಮಾತಾಯಿತು. ಹದಿನಾರು ವರ್ಷ ಹೀಗೆ ದುಡಿದು ದೇಹ ಬಳಲಿತ್ತು. ಇನ್ನು ತಾಯ್ನಾಡಿಗೆ ಮರಳುವ ಸಿದ್ಧತೆಯಲ್ಲಿದ್ದರು. ಆಗ, 1852ರಲ್ಲಿ, ಸನ್ಯಾಸಿಯಂತೆ ತಿರುಗುತ್ತಿದ್ದ ಸೋಮಯ್ಯನೆಂಬ ಒಬ್ಬ ಕೊಡವ ಅವರಲ್ಲಿಗೆ ಬಂದ. ಮೊಗ್ಲಿಂಗರು ತಾಯ್ನಾಡಿನ ಹಡಗನ್ನು ಬಿಟ್ಟರು, ಘಟ್ಟ ಹತ್ತಿ ಕೊಡಗಿಗೆ ಹೊರಟರು. ಅದು 1853ನೆಯ ವರ್ಷ. ವಯಸ್ಸು ನಲವತ್ತೊಂದು.

ಈ ಎರಡನೆಯ ಪಯಣವನ್ನೇ ನೀವು ಗಮನಿಸಬೇಕು. ಪ್ರಾಯದಲ್ಲಿ ಮನೆ ಬಿಡುವುದು ದೊಡ್ಡದಲ್ಲ. ರಕ್ತದ ಬಿಸಿಯೇ ಕರೆದುಕೊಂಡು ಹೋಗುತ್ತದೆ. ಆಗ ಬಿಡುವುದು ಹೆತ್ತವರು ಕಟ್ಟಿದ ಮನೆಯನ್ನು. ಎರಡನೆಯ ಸಲ ಬಿಡಬೇಕಾದದ್ದು ತಾನೇ ಕಟ್ಟಿದ ಮನೆಯನ್ನು. ಶಾಲೆ, ಅಚ್ಚುಕೂಟ, ಬೆಳೆಸಿದ ಹುಡುಗರು, ನಮಸ್ಕಾರ ಮಾಡುವ ಬೀದಿ. ಹೆಣ್ಣು, ಹೊನ್ನು, ಮಣ್ಣು ಬಿಟ್ಟೆವೆನ್ನುವ ನಾವು ‘ನಾನು ಮಾಡಿದ ಒಳ್ಳೆಯ ಕೆಲಸ’ ಎಂಬ ನಾಲ್ಕನೆಯದನ್ನು ಕಂಕುಳಲ್ಲಿ ಇಟ್ಟುಕೊಂಡೇ ಇರುತ್ತೇವೆ.

ಕೊಡಗಿನಲ್ಲಿ ಅವರಿಗೆ ಕಾದಿದ್ದದ್ದೇನು? ಜೂನಿನಲ್ಲಿ ಹಿಡಿದರೆ ಸೆಪ್ಟೆಂಬರಿನವರೆಗೂ ಬಿಡದ ಮಳೆ, ಕಾಡು, ಜಿಗಣೆ. ಹದಿನಾರು ವರ್ಷ ಕಷ್ಟಪಟ್ಟು ಕಲಿತ ಕನ್ನಡ ಮಡಿಕೇರಿಯ ಕಚೇರಿಯಲ್ಲಿ ನಡೆಯುತ್ತಿತ್ತು, ಕೊಡವರ ಮನೆಯೊಳಗೆ ಕೊಡವತಕ್ಕು. ಮಧ್ಯವಯಸ್ಸಿನಲ್ಲಿ ಮತ್ತೆ ಕಿವಿಗೊಟ್ಟು ಕೇಳುವ ವಿದ್ಯಾರ್ಥಿಯಾಗಬೇಕಾಯಿತು. ನಂಬಿ ಬಂದ ಸೋಮಯ್ಯನಿಗೆ ಜಾತಿಯವರಿಂದ ಬಹಿಷ್ಕಾರ ಬಿತ್ತು. ಕೊಡವರಲ್ಲಿ ಅವರ ಮತ ಸೇರಿದವರು ಬೆರಳೆಣಿಕೆಯಷ್ಟೇ. ಬಂದ ಉದ್ದೇಶದ ಲೆಕ್ಕದಲ್ಲಿ ನೋಡಿದರೆ ಇದು ಸೋಲು. ಆದರೂ ಅವರು ಆ ನಾಡನ್ನು ತಿಳಿದುಕೊಂಡರು. 1855ರಲ್ಲಿ ಅದರ ಚರಿತ್ರೆಯನ್ನೂ ಜನರ ನಡೆವಳಿಯನ್ನೂ ಇಂಗ್ಲಿಷಿನಲ್ಲಿ ‘ಕೂರ್ಗ್ ಮೆಮಾಯರ್ಸ್’ ಎಂದು ಬರೆದರು. ಅರಸರ ಕಾಲದ ‘ರಾಜೇಂದ್ರನಾಮೆ’ಯನ್ನು ಅಚ್ಚು ಹಾಕಿಸಿದರು.

ಆ ಅರಸರು ಯಾರು? ಹಾಲೇರಿ ವಂಶದವರು, ನಮ್ಮ ಧರ್ಮದವರೇ. ಎರಡು ಶತಮಾನಕ್ಕೂ ಮೇಲೆ ಆಳಿದವರು. ಕೊನೆಯ ಅರಸು ಚಿಕ್ಕವೀರರಾಜೇಂದ್ರನ ಕ್ರೌರ್ಯವನ್ನು ಆ ಪಾದ್ರಿಗಳು ಕಠಿಣವಾಗಿಯೇ ಬರೆದಿದ್ದಾರೆ. ಓದುವಾಗ ನಮಗೆ ನೋವಾಗುತ್ತದೆ. ನಮ್ಮವನೆಂಬ ಕಾರಣಕ್ಕೆ ಕ್ರೌರ್ಯ ಕರುಣೆಯಾಗುವುದಿಲ್ಲ. ಮಾಸ್ತಿಯವರೂ 1956ರಲ್ಲಿ ಪ್ರಕಟವಾದ ತಮ್ಮ ಕಾದಂಬರಿಯಲ್ಲಿ ಇದನ್ನು ಮರೆಮಾಡಲಿಲ್ಲ.

ಕಾಲದ ವಿಚಿತ್ರವನ್ನು ನೋಡಿರಿ. 1834ರಲ್ಲಿ ರಾಜ್ಯ ಕಳೆದುಕೊಂಡ ಆ ಅರಸು ಕಾಶಿಯಲ್ಲಿ ವರ್ಷಗಟ್ಟಲೆ ಇದ್ದು, ಮಗಳು ಗೌರಮ್ಮನನ್ನು ಕರೆದುಕೊಂಡು 1852ರಲ್ಲಿ ಲಂಡನ್ನಿಗೆ ಹೋದ. ಅಲ್ಲಿ ಆ ಮಗುವಿಗೆ ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಕ್ರೈಸ್ತದೀಕ್ಷೆಯಾಯಿತು. ಕೊಡಗಿನ ಲಿಂಗವಂತ ಅರಸು ಯುರೋಪಿಗೆ ಹೋದ ಕಾಲಕ್ಕೇ ಯುರೋಪಿನ ಪಾದ್ರಿ ಕೊಡಗಿಗೆ ಬಂದರು. ಇಬ್ಬರೂ ಕಡಲು ದಾಟಿದವರೇ. ಅರಸು ಹೋದದ್ದು ಕಳೆದುಕೊಂಡ ತನ್ನ ಹಣವನ್ನು ಕೇಳಲಿಕ್ಕೆ. ಏಳು ವರ್ಷ ಅದನ್ನೇ ಕೇಳುತ್ತ 1859ರಲ್ಲಿ ಅಲ್ಲಿಯೇ ಮಡಿದ. ಇದರಿಂದ ತಿಳಿಯುವುದೇನು? ಊರು ಬದಲಾಯಿಸಿದ ಮಾತ್ರಕ್ಕೆ ಮನುಷ್ಯ ಚಲಿಸಿದಂತಾಗುವುದಿಲ್ಲ. ಹಿಂದಿನದನ್ನು ಹೊತ್ತುಕೊಂಡೇ ಹೋದವನು ಹಡಗಿನಲ್ಲಿದ್ದರೂ ಸ್ಥಾವರನೇ.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕು. ಕೊಡಗಿನ ಗದ್ದೆಗಳಲ್ಲಿ ತಲೆಮಾರುಗಳಿಂದ ಜೀತದ ಆಳುಗಳಾಗಿ ದುಡಿಯುತ್ತಿದ್ದ ಜನರಿದ್ದರು. ಹುಟ್ಟಿದ ಗುಡಿಸಲಿನಲ್ಲೇ ಒಡೆಯನ ಆಸ್ತಿಯಾಗಿ ಸಾಯುವವರು. ಮೊಗ್ಲಿಂಗರು ಅವರಿಗಾಗಿ ಆನಂದಪುರವೆಂಬ ಒಂದು ನೆಲೆಯನ್ನು ಮಾಡಿಕೊಟ್ಟರು. ಮತಕ್ಕೆ ಸೇರಿಸಿಕೊಳ್ಳಲು ಮಾಡಿದರು ಎನ್ನುತ್ತೀರಿ. ಇರಲಿ. ಹರಳಯ್ಯನವರ ಪರಂಪರೆ ನಮ್ಮದು. ನಮ್ಮ ಧರ್ಮದ ಅರಸರೇ ಆಳಿದ ಆ ನಾಡಿನಲ್ಲಿ ಆ ಗುಡಿಸಲುಗಳ ಬಾಗಿಲಿಗೆ ಎಷ್ಟು ಮಂದಿ ಜಂಗಮರು ಹೋದರು? ನಾವು ಹೋಗದೆ ಬಿಟ್ಟ ಬಾಗಿಲನ್ನು ಇನ್ನೊಬ್ಬರು ತಟ್ಟಿದರೆ ಅವರ ಮೇಲೆ ಕೋಪಮಾಡುವ ಅಧಿಕಾರ ನಮಗೆ ಎಷ್ಟಿದೆ?

ಕೊಡಗಿನಿಂದಲೂ ಅವರು ಹೊರಡಬೇಕಾಯಿತು. 1855ರಲ್ಲಿ ಬಾಲ್ಯದ ಗೆಳೆಯರೂ ಬಂಧುಗಳೂ ಆಗಿದ್ದ ವೈಗ್ಲೆಯವರು ತೀರಿಕೊಂಡರು. ಅವರ ವಿಧವೆಯನ್ನು ಮೊಗ್ಲಿಂಗರು ಮದುವೆಯಾದರು, ಮಕ್ಕಳಿಗೆ ತಂದೆಯಾದರು. ಪತ್ನಿಯ ಅನಾರೋಗ್ಯದಿಂದ 1860ರಲ್ಲಿ ಜರ್ಮನಿಗೆ ಮರಳಿದರು. ಮತ್ತೆ ಈ ನೆಲವನ್ನು ಕಾಣಲಿಲ್ಲ. ಅಲ್ಲಿಯೂ ಸುಮ್ಮನಿರದೆ ಕನ್ನಡದ ದಾಸರ ಪದಗಳನ್ನು ತಮ್ಮ ಭಾಷೆಗೆ ತಿರುಗಿಸಿ ಪ್ರಕಟಿಸಿದರು. 1881ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಕೆಲಸ ನಿಂತಿತೇ? ಅವರು ಕೊಡಗಿಗೆ ಹೋದ 1853ರಲ್ಲಿಯೇ ಕಿಟೆಲ್ ಎಂಬ ಇನ್ನೊಬ್ಬ ತರುಣ ಅದೇ ಮಿಷನ್ನಿನಿಂದ ಬಂದಿಳಿದಿದ್ದ. ಎಪ್ಪತ್ತು ಸಾವಿರ ಶಬ್ದಗಳ ಕನ್ನಡ ನಿಘಂಟು 1894ರಲ್ಲಿ ಅವರ ಕೈಯಿಂದ ಬಂತು. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿದರು.

ನಮ್ಮದೂ ಒಂದು ಮಾತಿದೆ. ಕಾಶಿಯಲ್ಲಿ ಓದು ಮುಗಿಸಿ ಬಂದ ಹೊಸದರಲ್ಲಿ ಲಿಂಗೈಕ್ಯ ಗುರುಗಳು ನಮ್ಮನ್ನು ಬಯಲುಸೀಮೆಯ ಒಂದು ಹಳ್ಳಿಗೆ ಕಳಿಸಿದರು. ಮೊದಲ ದಿನ ಅಂಗಲಿಂಗ ಸಾಮರಸ್ಯದ ಮೇಲೆ ಎರಡು ತಾಸು ಮಾತನಾಡಿದೆವು. ಮಾತಿಗೊಂದು ಸಂಸ್ಕೃತ ಪ್ರಮಾಣ! ಮುಗಿದ ಮೇಲೆ ಒಬ್ಬ ಮುದುಕಿ ಬಂದು ಪಾದಮುಟ್ಟಿ, “ಭಾಳ ಚಲೋ ಹೇಳಿದ್ರಿ ಎಪ್ಪಾ. ನಮಗ ಒಂದೂ ತಿಳೀಲಿಲ್ಲ ನೋಡ್ರಿ” ಎಂದಳು. ಕುಚೋದ್ಯವಲ್ಲ, ಭಕ್ತಿಯಿಂದಲೇ ಹೇಳಿದಳು. ಮರುದಿನವೇ ಗುರುಗಳಿಗೆ ಕಾಗದ ಬರೆದೆವು, ಈ ಜನ ಬೋಧೆಗೆ ಯೋಗ್ಯರಲ್ಲ, ಮರಳಿ ಕರೆಸಿಕೊಳ್ಳಬೇಕು ಎಂದು. ಗುರುಗಳು ಒಂದೇ ಸಾಲಿನಲ್ಲಿ ಉತ್ತರ ಬರೆದರು: “ಮೊದಲು ಆ ಊರಿನ ಬಾವಿಗಳ ಹೆಸರು ಕಲಿ.”

ಸಿಟ್ಟು ಬಂತು. ಆದರೂ ಕಲಿತೆವು. ಯಾವ ಬಾವಿ ಸಿಹಿ, ಯಾವುದು ಸವಳು, ಯಾವುದರಲ್ಲಿ ಯಾರಿಗೆ ನೀರು ಸೇದಲು ಬಿಡುವುದಿಲ್ಲ, ಇದೆಲ್ಲ ತಿಳಿಯುತ್ತ ಊರು ತಿಳಿಯಿತು. ನಾಲ್ಕು ವರ್ಷದ ಮೇಲೆ ಗುರುಗಳು ಮರಳಿ ಬಾ ಎಂದರು. ಆಗ ಇನ್ನೊಂದು ಕಾಗದ ಬರೆದೆವು, ಇಲ್ಲಿಯೇ ಇರುತ್ತೇನೆ ಎಂದು. ಅದಕ್ಕೆ ಗುರುಗಳು ಉತ್ತರ ಬರೆಯಲೇ ಇಲ್ಲ. ಅವರು ಸುಮ್ಮನಿದ್ದದ್ದೇ ಉತ್ತರ. ಬರಲೊಲ್ಲೆ ಎಂದದ್ದೂ, ಬಿಡಲೊಲ್ಲೆ ಎಂದದ್ದೂ ಒಂದೇ ‘ನಾನು’ ಎಂದು ತಿಳಿಯಲು ಬಹಳ ದಿನ ಹಿಡಿಯಿತು. ಹೊರಟ ದಿನ ಆ ಮುದುಕಿ ಒಂದು ತಂಬಿಗೆ ಸಿಹಿಬಾವಿಯ ನೀರು ತಂದುಕೊಟ್ಟಳು. ಇನ್ನೇನೂ ಹೇಳಲಿಲ್ಲ.

ಭಕ್ತರೆ, ನಿಮ್ಮ ಅಪ್ಪಗಳು ನಿಮಗೆ ಕಲಿಸಿದ್ದು ನಿಜವಾದರೆ ಅವರು ಹೋದ ಮೇಲೂ ಪ್ರಸಾದನಿಲಯದ ಒಲೆ ಆರಬಾರದು. ಆರಿದರೆ ಹನ್ನೊಂದು ವರ್ಷ ಅಲ್ಲಿ ಉರಿದದ್ದು ಅವರ ಬೆಂಕಿ ಮಾತ್ರ, ನಿಮ್ಮದಲ್ಲ ಎಂದಾಗುತ್ತದೆ. ಅವರ ಮೇಲಿನ ಪ್ರೀತಿಯನ್ನು ಕಣ್ಣೀರಿನಲ್ಲಿ ತೋರಿಸಬೇಡಿರಿ, ಅಕ್ಕಿಮೂಟೆಯಲ್ಲಿ ತೋರಿಸಿರಿ. ಇಂದೇ ನಿಮ್ಮಲ್ಲಿ ಐದು ಜನ ಮುಂದೆ ಬಂದು ನಿಲಯದ ಹೊಣೆಯನ್ನು ಹೊರಬೇಕು.

ಚರಮೂರ್ತಿಗಳೆ, ನಿಮಗೆ ನಾವು ಆಜ್ಞೆ ಮಾಡುವುದಿಲ್ಲ. ಗುರುಗಳು ನಮಗೆ ಮಾಡಿದಂತೆಯೇ ಕಾಯುತ್ತೇವೆ. ಹೊಸ ಊರಿನಲ್ಲಿ ನಿಮ್ಮನ್ನು ಬಲ್ಲವರಿಲ್ಲ, ಮಾಡು ಸೋರುತ್ತಿದೆ, ಆಡುಮಾತೂ ಬೇರೆ. ಹೋದರೆ ಮೊದಲ ವರ್ಷ ಪ್ರವಚನ ಮಾಡಬೇಡಿರಿ. ಬಾವಿಗಳ ಹೆಸರು ಕಲಿಯಿರಿ. ಯಾರೂ ಹೋಗದ ಕೇರಿ ಯಾವುದೆಂದು ಕೇಳಿ ಅಲ್ಲಿಗೆ ಮೊದಲು ಹೋಗಿರಿ. ಅಲ್ಲಿಯೂ ಜನ ನಿಮಗಾಗಿ ಅಳುವ ಕಾಲ ಬಂದಾಗ, ಜೋಳಿಗೆ ಎಲ್ಲಿದೆ ಎಂದು ನೋಡಿಕೊಳ್ಳಿರಿ.

ಎಲ್ಲರಿಗೂ ಗುರುಬಸವಣ್ಣನವರ ಕೃಪೆಯಿರಲಿ.