ನಾಲ್ವರು ಗುಮಾಸ್ತರು
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯ ಲೆಕ್ಕ ಬರೆಯುವವನು. ನನ್ನ ಸೋದರತ್ತೆಯ ಕಾಯಿಲೆಯ ದೆಸೆಯಿಂದ ಈ ವಿಷಯವನ್ನು ಓದಬೇಕಾಯಿತು. ತಪ್ಪಿದ್ದರೆ ಸಭೆಯಲ್ಲಿರುವ ಡಾಕ್ಟರರು ತಿದ್ದಬೇಕು.

ನಮ್ಮ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ, ಅಂದರೆ ಸುಣ್ಣಾಂಶ, ಇದೆ. ನೂರಕ್ಕೆ 99 ಪಾಲು ಎಲುಬು, ಹಲ್ಲುಗಳೆಂಬ ತಿಜೋರಿಯಲ್ಲಿ. ರಕ್ತದಲ್ಲಿರುವುದು 100 ಮಿಲಿಲೀಟರಿಗೆ 10 ಮಿಲಿಗ್ರಾಂನಷ್ಟು; ಕೈಖರ್ಚಿನ ಚಿಲ್ಲರೆ ಅನ್ನಿ. ಆದರೆ ನರ, ಸ್ನಾಯು, ಹೃದಯ ಎಲ್ಲಕ್ಕೂ ಈ ಚಿಲ್ಲರೆಯೇ ಬೇಕು. ಇಳಿದರೆ ಕೈಕಾಲು ಸೆಟೆಯುತ್ತವೆ; ಏರಿದರೆ ಮಂಕು, ಮಲಬದ್ಧತೆ, ಮೂತ್ರಪಿಂಡದಲ್ಲಿ ಕಲ್ಲು.

ಇದನ್ನು ಕಾಯುವ ಗುಮಾಸ್ತರು ನಾಲ್ವರು. ಕುತ್ತಿಗೆಯಲ್ಲಿ ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡ, ಗೋಧಿಕಾಳಿನಷ್ಟು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಇವು ಮೊದಲು ಕಣ್ಣಿಗೆ ಬಿದ್ದದ್ದು ಮನುಷ್ಯನಲ್ಲಲ್ಲ! ಲಂಡನ್ ಮೃಗಾಲಯದಲ್ಲಿ ಸತ್ತ ನಮ್ಮ ಭಾರತದ ಖಡ್ಗಮೃಗವೊಂದನ್ನು 1850ರ ಸುಮಾರಿಗೆ ಕೊಯ್ದು ನೋಡಿದ ರಿಚರ್ಡ್ ಓವೆನ್ ಇವನ್ನು ಕಂಡ. ಮನುಷ್ಯರಲ್ಲಿ 1880ರಲ್ಲಿ ವಿವರಿಸಿದವನು ಸ್ವೀಡನ್ನಿನ ಐವರ್ ಸಾಂಡ್‌ಸ್ಟ್ರೋಮ್.

ರಕ್ತದಲ್ಲಿ ಸುಣ್ಣಾಂಶ ಇಳಿದೊಡನೆ ಈ ಗ್ರಂಥಿಗಳು ಹಾರ್ಮೋನು ಸುರಿಸುತ್ತವೆ. ಎಲುಬಿನಿಂದ ಸುಣ್ಣ ಹೊರಡುತ್ತದೆ. ಆದರೆ ಎಲುಬಿನಲ್ಲಿ ಸುಣ್ಣ ಒಂಟಿಯಾಗಿಲ್ಲ. ರಂಜಕದೊಡನೆ, ಫಾಸ್ಫೇಟಿನ ರೂಪದಲ್ಲಿ, ಕಟ್ಟಿಕೊಂಡಿದೆ. ಎರಡೂ ರಕ್ತದಲ್ಲಿ ಒಟ್ಟಿಗೆ ಏರಿದರೆ ಮತ್ತೆ ಬೆಸೆದುಕೊಂಡು ಕೂರಬಾರದ ಕಡೆ ಕೂರುತ್ತವೆ. ಅದಕ್ಕೇ ಅದೇ ಹಾರ್ಮೋನು ಮೂತ್ರಪಿಂಡಕ್ಕೆ ಇನ್ನೊಂದು ಹುಕುಂ ಕೊಡುತ್ತದೆ: ಸುಣ್ಣವನ್ನು ಹಿಡಿದಿಡು, ಫಾಸ್ಫೇಟನ್ನು ಹೊರಹಾಕು. ನನಗಂತೂ ಇದನ್ನು ಓದಿದಾಗ ನಮ್ಮ ಹೆಡ್‌ಕ್ಲಾರ್ಕರ ನೆನಪಾಯಿತು.

ಮೂರನೆಯ ಹುಕುಂ ‘ಡಿ’ ಜೀವಸತ್ವಕ್ಕೆ ಸಂಬಂಧಿಸಿದ್ದು. ಬಿಸಿಲು ಬಿದ್ದ ಚರ್ಮದಲ್ಲಿ ಹುಟ್ಟಿ, ಯಕೃತ್ತಿನಲ್ಲಿ ಒಮ್ಮೆ ಬದಲಾಗಿ, ಕೊನೆಗೆ ಮೂತ್ರಪಿಂಡದಲ್ಲಿ ಅದು ಪಕ್ವವಾಗುತ್ತದೆ. ಪಕ್ವವಾದ ಮೇಲೆಯೇ ಕರುಳು ಊಟದ ಸುಣ್ಣವನ್ನು ಚೆನ್ನಾಗಿ ಹೀರುವುದು. ನಮ್ಮ ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ, ನಿಜ. ಆದರೆ ಬಿಸಿಲು ಕಾಣದ ಕೋಣೆಯಲ್ಲೇ ದಿನ ಕಳೆಯುವ ನಮ್ಮ ಹೆಣ್ಣುಮಕ್ಕಳಿಗೆ ಅದು ಪೂರಾ ದಕ್ಕುವುದಿಲ್ಲ. ಎಲುಬೂ ಸುಮ್ಮನೆ ಬಿದ್ದಿರುವ ತಿಜೋರಿಯಲ್ಲ. ಫಾಸ್ಫೇಟು ಹೆಚ್ಚಾದರೆ ತಾನೇ ಎಫ್‌ಜಿಎಫ್-23 ಎಂಬ ಹಾರ್ಮೋನು ಕಳಿಸಿ ಅದನ್ನು ಮೂತ್ರದಲ್ಲಿ ಹೊರಡಿಸುತ್ತದೆ. ಇದನ್ನು ಗುರುತಿಸಿದ್ದು 2000ದಲ್ಲಿ.

ಈಗ ಅತ್ತೆಯ ಮಾತು. ಮೈಯೆಲ್ಲಾ ಎಲುಬು ನೋವು, ಎರಡು ಸಲ ಮೂತ್ರದ ಕಲ್ಲು. ಎಲುಬು ನೋವೆಂದರೆ ಸುಣ್ಣ ಸಾಲದು ಎಂದು ನಾನೇ ವರ್ಷವಿಡೀ ಮಾತ್ರೆ ತಂದು ಕೊಟ್ಟೆ. ರಕ್ತ ಪರೀಕ್ಷೆ ಮಾಡಿಸಿದಾಗ ಸುಣ್ಣಾಂಶ 12ಕ್ಕೆ ಏರಿತ್ತು, ಪ್ಯಾರಾಥೈರಾಯ್ಡ್ ಹಾರ್ಮೋನೂ ಏರಿತ್ತು. ನಾಲ್ವರಲ್ಲಿ ಒಬ್ಬ ಗುಮಾಸ್ತ ಊದಿಕೊಂಡು, ಯಾರ ಮಾತೂ ಕೇಳದೆ ತಿಜೋರಿ ಬರಿದು ಮಾಡುತ್ತಿದ್ದ. ಕೊರತೆ ಇದ್ದದ್ದು ಎಲುಬಿನಲ್ಲಿ, ರಕ್ತದಲ್ಲಲ್ಲ. ಮಾತ್ರೆ ನಿಲ್ಲಿಸಿ, ಶಸ್ತ್ರಕ್ರಿಯೆ ಮಾಡಿ ಆ ಗ್ರಂಥಿಯನ್ನು ತೆಗೆದರು.

ಮೂರನೆಯ ದಿನ ಅತ್ತೆ, “ತುಟಿ, ಬೆರಳು ಜುಮುಗುಡುತ್ತಿವೆಯಲ್ಲೋ” ಎಂದರು. ಹಸಿದ ಎಲುಬುಗಳು ರಕ್ತದ ಸುಣ್ಣವನ್ನೆಲ್ಲ ಎಳೆದುಕೊಳ್ಳುತ್ತಿದ್ದವಂತೆ. ಡಾಕ್ಟರರು ಚೀಟಿ ಬರೆದರು. ಹಿಂದೆ ಬೇಡವೆಂದು ನಿಲ್ಲಿಸಿದ್ದ ಅದೇ ಮಾತ್ರೆಯನ್ನು ತರಲು ನಾನು ಮತ್ತೆ ಅದೇ ಔಷಧದಂಗಡಿಗೆ ಓಡಿದೆ.