ನಂಜನಗೂಡಿನ ವಕೀಲರ ಮಗಳು ಮತ್ತು ಬಹು ಆಂಟೆನಾ ವಿದ್ಯೆ



ನಮ್ಮ ಮನೆಗೆ ಕಪ್ಪು-ಬಿಳುಪು ಟಿ.ವಿ. ಬಂದ ಕಾಲದಲ್ಲಿ ತಾರಸಿ ಹತ್ತಿ ಆಂಟೆನಾ ತಿರುಗಿಸುವ ಕೆಲಸ ನನ್ನದಾಗಿತ್ತು. ಕೆಳಗಿನಿಂದ ಅಣ್ಣ "ಬಂತು, ಬಂತು, ಅಯ್ಯೋ ಹೋಯ್ತು" ಎಂದು ಕೂಗುತ್ತಿದ್ದ. ಚಿತ್ರ ಬಂದಾಗಲೂ ವಾರ್ತೆ ಓದುವವರ ಪಕ್ಕದಲ್ಲಿ ಅವರದೇ ಮಸುಕು ನೆರಳೊಂದು ನಿಂತಿರುತ್ತಿತ್ತು. ನಮ್ಮಜ್ಜಿ ಅದನ್ನು ಪೀಡೆ ಅನ್ನುತ್ತಿದ್ದರು. ನೇರವಾಗಿ ಬಂದ ಅಲೆ ಒಂದು ಚಿತ್ರ ಮೂಡಿಸುತ್ತಿತ್ತು. ಅದೇ ಅಲೆ ಗೋಡೆಗೋ ಗುಡ್ಡಕ್ಕೋ ಬಡಿದು, ಬಳಸು ದಾರಿಯಲ್ಲಿ ಕೆಲವು ಮೈಕ್ರೊಸೆಕೆಂಡ್ ತಡವಾಗಿ ಬಂದು ನೆರಳು ಮೂಡಿಸುತ್ತಿತ್ತು. ಆ ನೆರಳನ್ನು ಅಳಿಸಲು ಎಂಜಿನಿಯರುಗಳು ಬಹಳ ಕಾಲ ಹೆಣಗಿದರು. ಇವತ್ತು ನಿಮ್ಮ ಜೇಬಿನಲ್ಲಿರುವ ಫೋನಿನ ವೇಗಕ್ಕೆ ಅದೇ ನೆರಳು ಬಂಡವಾಳ. ಪೀಡೆ ಬಂಡವಾಳವಾದ ಕಥೆಯನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಅದಕ್ಕೂ ಮೊದಲು ಒಂದು ಹೆಸರು. ನಮ್ಮ ನಂಜನಗೂಡಿನಲ್ಲಿ ಬಿ. ಎಂ. ಶಿವರಾಮಯ್ಯ ಎಂಬ ವಕೀಲರಿದ್ದರು. ಅವರ ಮಗಳು ರಾಜೇಶ್ವರಿ ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳ ಮೊದಲ ಓದು ಅಜ್ಜಿ ಕಟ್ಟಿದ ಶಾಲೆಯಲ್ಲೇ ನಡೆಯಿತು. ಹುಡುಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಬಿ.ಎಸ್‌ಸಿ. ಆನರ್ಸ್ ಮತ್ತು ಎಂ.ಎಸ್‌ಸಿ. ಎರಡರಲ್ಲೂ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಮೊದಲಿಗಳಾದಳು. 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದಳು. ಡಾಕ್ಟರೇಟ್ ಪಡೆದು 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದಳು. ಅದೇ ವರ್ಷ ಅಲ್ಲಿನ ಸಹೋದ್ಯೋಗಿ ಶಿಶಿರ ಕುಮಾರ್ ಚಟರ್ಜಿಯವರನ್ನು ಮದುವೆಯಾದಳು. ಗಂಡ ಹೆಂಡತಿ ಸೇರಿ ಮೈಕ್ರೊವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ರಾಜೇಶ್ವರಿ ಚಟರ್ಜಿಯವರ ಕೈಕೆಳಗೆ 20 ಮಂದಿ ಪಿಎಚ್.ಡಿ. ಮಾಡಿದರು. ಆಂಟೆನಾಗಳ ಬಗ್ಗೆ ಅವರು ಬರೆದ ಪಠ್ಯಗಳಿವೆ. ಬಹು ಆಂಟೆನಾ ತಂತ್ರವನ್ನು ಕಂಡುಹಿಡಿದವರು ಅವರಲ್ಲ, ಆ ಮಾತು ಸ್ಪಷ್ಟವಿರಲಿ. ಆದರೆ ಅಲೆಯನ್ನು ಲೋಹದಿಂದ ಬಯಲಿಗೆ ಬಿಡುವ ವಿದ್ಯೆಯನ್ನು ಈ ನೆಲದಲ್ಲಿ ಬಿತ್ತಿದವರಲ್ಲಿ ಅವರು ಮುಂಚೂಣಿಯವರು. ಅವರ ತಂದೆ ವಕೀಲಿ ಮಾಡಿದ ಈ ಊರಿನಲ್ಲೇ ಅವರ ಹೆಸರು ಕೇಳಿದವರು ಕಡಿಮೆ ಎಂಬುದು ನನಗೆ ನೋವಿನ ಸಂಗತಿ.

ಹಲವು ಆಂಟೆನಾ ಸೇರಿದರೆ ಏನಾಗುತ್ತದೆಂದು ನೋಡಲು ಈಗ ಹೊಳೆಗೆ ಇಳಿಯೋಣ. ಹದಿನಾರು ಕಾಲು ಮಂಟಪದ ಹತ್ತಿರ ಕಪಿಲೆ ನಿಂತಂತಿರುವ ಹೊತ್ತಿನಲ್ಲಿ ಇಬ್ಬರು ಹುಡುಗರು ಮಾರು ದೂರದಲ್ಲಿ ನಿಂತು, ಒಂದೇ ತಾಳಕ್ಕೆ ಅಂಗೈಯಿಂದ ನೀರು ಬಡಿಯಲಿ. ಇಬ್ಬರಿಗೂ ನೇರ ಎದುರಿನಲ್ಲಿ ಉಬ್ಬಿಗೆ ಉಬ್ಬು ಸೇರಿ ಅಲೆ ದೊಡ್ಡದಾಗುತ್ತದೆ. ಕೆಲವು ಓರೆ ದಿಕ್ಕುಗಳಲ್ಲಿ ಉಬ್ಬಿಗೆ ತಗ್ಗು ಸೇರಿ ನೀರು ಸುಮ್ಮನಾಗುತ್ತದೆ. ಎಡಗಡೆಯವನು ಚೂರೇ ಚೂರು ತಡವಾಗಿ ಬಡಿದರೆ ದೊಡ್ಡ ಅಲೆ ಎಡಕ್ಕೆ ವಾಲುತ್ತದೆ. ನಿಂತ ಜಾಗದಿಂದ ಯಾರೂ ಕದಲಲಿಲ್ಲ, ಅಲೆ ಮಾತ್ರ ತಿರುಗಿತು! ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ 1905ರಲ್ಲೇ ಮೂರು ಆಂಟೆನಾ ಇಟ್ಟು ಇದನ್ನು ರೇಡಿಯೊದಲ್ಲಿ ಮಾಡಿ ತೋರಿಸಿದ.

ಗಿರಗಿರ ತಿರುಗುವ ರಾಡಾರ್ ತಟ್ಟೆಯನ್ನು ಸಿನಿಮಾದಲ್ಲಿ ನೋಡಿದ್ದೀರಿ. ಬೆಂಗಳೂರಿನ ಎಲ್‌ಆರ್‌ಡಿಇ ಸಂಸ್ಥೆ ಆಕಾಶ್ ಕ್ಷಿಪಣಿಗಾಗಿ ರೂಪಿಸಿದ ರಾಜೇಂದ್ರ ರಾಡಾರಿನಲ್ಲಿ ಕಿರಣವನ್ನು ಹೊರಳಿಸಲು ತಟ್ಟೆ ತಿರುಗಬೇಕಾಗಿಲ್ಲ. ಸಾವಿರಾರು ಬಿಡಿ ಘಟಕಗಳಿಗೆ ಬೇರೆ ಬೇರೆ ತಡ ಕೊಟ್ಟರೆ ಸಾಕು, ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಕಿರಣ ಇನ್ನೊಂದು ವಿಮಾನದ ಮೇಲಿರುತ್ತದೆ. ಗೌರಿಬಿದನೂರಿನ ಹತ್ತಿರ ಬಯಲಿನಲ್ಲಿ ಟಿ ಆಕಾರದಲ್ಲಿ 1000 ದ್ವಿಧ್ರುವ ಆಂಟೆನಾ ನೆಟ್ಟು ಆಕಾಶ ಕೇಳಿದ ರೇಡಿಯೊ ದೂರದರ್ಶಕದ ತತ್ವವೂ ಇದೇ. ಅದರ ಒಂದು ತೋಳು 1.4 ಕಿಲೋಮೀಟರ್ ಉದ್ದ. ಅಲ್ಲಿನ ಆವರ್ತನ 34.5 ಮೆಗಾಹರ್ಟ್ಸ್, ಅಂದರೆ ಅಲೆಯ ಉದ್ದ ಸುಮಾರು 8.7 ಮೀಟರ್. 5ಜಿಯ 3500 ಮೆಗಾಹರ್ಟ್ಸ್‌ನಲ್ಲಿ ಅದು ಎಂಟೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಆಂಟೆನಾಗಳ ನಡುವೆ ಅರ್ಧ ಅಲೆಯಷ್ಟು ಜಾಗ ಸಾಕು. ಎರಡು ಬೆರಳು ಜೋಡಿಸಿ ನೋಡಿ, ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಟವರಿನ ಮೇಲಿನ ಒಂದು ಬಿಳಿ ಪ್ಯಾನೆಲಿನ ಹೊಟ್ಟೆಯೊಳಗೆ ನೂರಕ್ಕೂ ಹೆಚ್ಚು ಪುಟ್ಟ ಆಂಟೆನಾಗಳು ಹಿಡಿಸುತ್ತವೆ.

ಇಷ್ಟು ದಿಕ್ಕಿನ ಮಾತಾಯಿತು. ನೆರಳು ಬಂಡವಾಳವಾದದ್ದು ಆಮೇಲೆ. ಆರೋಗ್ಯಸ್ವಾಮಿ ಪೌಲ್‌ರಾಜ್ ಭಾರತೀಯ ನೌಕಾಪಡೆಯಲ್ಲಿ ಸೋನಾರ್ ಕಟ್ಟಿದವರು, ಬೆಂಗಳೂರಿನಲ್ಲಿ ಬಿಇಎಲ್‌ನ ಕೇಂದ್ರ ಸಂಶೋಧನಾ ಪ್ರಯೋಗಾಲಯವನ್ನು ಆರಂಭಿಸಿದವರು. ಆಮೇಲೆ ಸ್ಟ್ಯಾನ್‌ಫರ್ಡ್‌ಗೆ ಹೋಗಿ, ಅಲ್ಲಿನ ಥಾಮಸ್ ಕೈಲಾತ್ ಅವರ ಜೊತೆ 1992ರಲ್ಲಿ ಒಂದು ಪೇಟೆಂಟಿಗೆ ಅರ್ಜಿ ಹಾಕಿದರು. 1994ರಲ್ಲಿ ಅದು ಸಿಕ್ಕಿತು. ಒಂದೇ ಆವರ್ತನದಲ್ಲಿ, ಒಂದೇ ಹೊತ್ತಿನಲ್ಲಿ, ಹಲವು ಆಂಟೆನಾಗಳಿಂದ ಹಲವು ಸಂದೇಶ ಕಳಿಸಿ, ಆ ಕಡೆ ಬಿಡಿಸಿಕೊಳ್ಳುವ ಉಪಾಯ ಅದು. ಮೈಮೋ ಅನ್ನುವುದು ಇದನ್ನೇ.

ಬೆರೆತದ್ದನ್ನು ಬಿಡಿಸುವುದು ಹೇಗೆ? ತಿರುಮಕೂಡಲಿನಲ್ಲಿ ನಿಂತು ನೋಡಿ. ಮಳೆಗಾಲದ ಕೆಲವು ದಿನ ಕಾವೇರಿಯ ಬಣ್ಣ ಬೇರೆ, ಕಪಿಲೆಯ ಬಣ್ಣ ಬೇರೆ. ಕೂಡಿದ ಮೇಲೂ ಈ ದಡದಲ್ಲಿ ಒಂದು ಬಿಂದಿಗೆ, ಆ ದಡದಲ್ಲಿ ಒಂದು ಬಿಂದಿಗೆ ತುಂಬಿದರೆ ಎರಡರಲ್ಲೂ ಬೆರಕೆಯ ಪ್ರಮಾಣ ಒಂದೇ ಇರುವುದಿಲ್ಲ. ಆ ವ್ಯತ್ಯಾಸವೇ ಕೀಲಿಕೈ. ಮಕ್ಕಳಿಗೆ ಲೆಕ್ಕದಲ್ಲೇ ಹೇಳುತ್ತೇನೆ. ಕಳಿಸಿದ ಎರಡು ಅಂಕಿ ನಮಗೆ ಗೊತ್ತಿಲ್ಲ. ಮೊದಲ ಆಂಟೆನಾಕ್ಕೆ ಎರಡರ ಮೊತ್ತ 7 ಕೇಳಿಸಿತು. ಎರಡನೆಯದಕ್ಕೆ ಮೊದಲ ಅಂಕಿ ಒಂದು ಪಾಲು, ಎರಡನೇ ಅಂಕಿ ಎರಡು ಪಾಲು ಸೇರಿ 12 ಕೇಳಿಸಿತು. ಕಳೆದರೆ ಎರಡನೆಯದು 5, ಮೊದಲನೆಯದು 2. ಆದರೆ ಎರಡನೇ ಆಂಟೆನಾಕ್ಕೂ ಎರಡೂ ಅಂಕಿ ಸಮಪಾಲಿನಲ್ಲೇ ಸೇರಿ, ಇಮ್ಮಡಿಯಾಗಿ 14 ಕೇಳಿಸಿದ್ದರೆ? ಹೊಸ ಸುದ್ದಿ ಏನೂ ಇಲ್ಲ, ಲೆಕ್ಕ ಬಿಡಿಸಲಾಗದು. ಪಾಲು ಬೇರೆಬೇರೆಯಾಗುವಂತೆ ಮಾಡುವುದು ಯಾವುದು? ಗೋಡೆ, ಗೋಪುರ, ಬಸ್ಸು, ಮರ. ಅಣ್ಣನ ಟಿ.ವಿ. ಕೆಡಿಸಿದ ಅದೇ ಪ್ರತಿಫಲನಗಳು.

ಆದ್ದರಿಂದ ನಂಜನಗೂಡಿನ ರಥಬೀದಿಯಂಥ ಇಕ್ಕಟ್ಟಿನಲ್ಲಿ ಈ ತಂತ್ರ ಚೆನ್ನಾಗಿ ಫಲ ಕೊಡುತ್ತದೆ. ನರಸೀಪುರದ ಕಡೆ ಗದ್ದೆಯ ಬದುವಿನಲ್ಲಿ ನಿಂತವರಿಗೆ ಟವರ್ ನಿಚ್ಚಳವಾಗಿ ಕಾಣುತ್ತದೆ, ಅಲೆ ಬಡಿದು ಬರಲು ಸುತ್ತ ಏನೂ ಇಲ್ಲ. ಸಂದೇಶಗಳ ಹರಿವುಗಳನ್ನು ಬಿಡಿಸುವುದು ಕಷ್ಟ. ಅದಕ್ಕೇ ಪ್ಯಾನೆಲಿನೊಳಗೆ ಆಂಟೆನಾಗಳನ್ನು ಗುಣಾಕಾರ ಚಿಹ್ನೆಯಂತೆ ಅಡ್ಡಡ್ಡ ಜೋಡಿಸುತ್ತಾರೆ. ಎರಡು ಓರೆಗಳಲ್ಲಿ ಕಂಪಿಸುವ ಅಲೆಗಳು ಬಯಲಿನಲ್ಲೂ ಬೆರೆಯುವುದು ಕಡಿಮೆ, ಎರಡು ಹರಿವಾದರೂ ಉಳಿಯುತ್ತವೆ. ಮಿಕ್ಕ ಬಲವನ್ನು ಹುಡುಗರು ನೀರು ಬಡಿದ ಹಾಗೆ ಒಂದೇ ದಿಕ್ಕಿಗೆ ಕೂಡಿಸಿ ದೂರದ ಹೊಲಕ್ಕೆ ಮುಟ್ಟಿಸಬಹುದು. ಗದ್ದೆಯ ರೈತನಿಗೆ ಪೇಟೆಯವನಷ್ಟು ವೇಗ ಸಿಗದಿದ್ದರೆ ಅದಕ್ಕೆ ಭೌತವಿಜ್ಞಾನವೊಂದೇ ಕಾರಣವಲ್ಲ, ಟವರುಗಳನ್ನು ಎಲ್ಲಿ ನೆಡುತ್ತೇವೆ ಎಂಬುದೂ ಕಾರಣ ಎಂದು ನಾನು ನಂಬಿದ್ದೇನೆ.

ರಾಜೇಶ್ವರಿ ಚಟರ್ಜಿ 1982ರಲ್ಲಿ ನಿವೃತ್ತರಾದ ಮೇಲೆ ಹೆಣ್ಣುಮಕ್ಕಳ ಏಳಿಗೆಗಾಗಿ ದುಡಿದರು, 2010ರಲ್ಲಿ ತೀರಿಕೊಂಡರು. ಮಗಳು ಇಂದಿರಾ ಚಟರ್ಜಿ ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು. ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಕುಟುಂಬದವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ವರ್ಷ ಈ ವೇದಿಕೆಗೆ ನನ್ನಂಥ ಮುದುಕನನ್ನು ಕರೆಯಬೇಡಿ. ಇದೇ ಊರಿನ ಕಾಲೇಜಿನ ಹುಡುಗಿಯೊಬ್ಬಳ ಕೈಗೆ ಒಂದು ಹಲಗೆ, ಎಂಟು ತುಂಡು ತಾಮ್ರದ ತಂತಿ ಕೊಡಿ. ನಾಲ್ಕು ಸೆಂಟಿಮೀಟರಿಗೊಂದರಂತೆ ಅವುಗಳನ್ನು ನೆಟ್ಟು, ಅಲೆ ತಿರುಗುವುದನ್ನು ಅವಳೇ ತೋರಿಸಲಿ. ತಂತಿ ನಾನು ತಂದುಕೊಡುತ್ತೇನೆ.