ಕಾಯಕದ ವೇಳೆಯಲ್ಲಿ ಭಕ್ತಿಗಾನ



ಹರಿಹರ ಮಹಾಕವಿಯು ತನ್ನ ಕುಂಬಾರ ಗುಂಡಯ್ಯನ ರಗಳೆಯಲ್ಲಿ ರಮ್ಯವಾದ ಸಂಗತಿಯೊಂದನ್ನು ಹೇಳಿರುವನು. ಗುಂಡಯ್ಯನು ಮಡಕೆಯನ್ನು ಬಾರಿಸುತ್ತಿರಲು ಆ ನಾದಕ್ಕೆ ಮನಸೋತು ಶಿವನೇ ಇಳಿದುಬಂದು ಕುಣಿದನಂತೆ. ಗುಂಡಯ್ಯನು ಕಾಯಕವನ್ನು ಬಿಟ್ಟು ವಾದ್ಯವನ್ನು ಹುಡುಕಿಕೊಂಡು ಹೋದವನಲ್ಲ. ಕಾಯಕದ ಮಡಕೆಯೇ ಅವನಿಗೆ ವಾದ್ಯವಾಯಿತು. ಕೆಲಸದ ಹೊತ್ತಿನಲ್ಲಿ ಭಕ್ತಿಗೀತವನ್ನು ಕೇಳಿದರೆ ಚಿತ್ತವು ನೆಲೆಗೊಳ್ಳುವುದೋ ಚದರುವುದೋ ಎಂದು ಇಂದು ಅನೇಕರು ಕೇಳುತ್ತಿರುವರು. ಆ ವಿಚಾರವನ್ನು ಈ ಕಥೆಯಿಂದಲೇ ಆರಂಭಿಸುವುದು ಲೇಸು.

ಮಲಪ್ರಭೆಯ ದಂಡೆಯ ಖಾನಾಪುರವು ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದವರ ಕುಂಬಾರಿಕೆಯ ಶಿಕ್ಷಣಸಂಸ್ಥೆಯೂ ಅಲ್ಲುಂಟು. ತಿಗರಿಯ ಮೇಲೆ ಮಣ್ಣು ಏಳುವಾಗ ಕಣ್ಣಿಗೂ ಬೆರಳಿಗೂ ಕೆಲಸವಿದೆ, ನಾಲಗೆಗಿಲ್ಲ. ಕೈ ಪಳಗಿದ ಮೇಲಂತೂ ಮನಸ್ಸು ಸಾಲದ ಚಿಂತೆಗೋ ಸಂತೆಯ ಲೆಕ್ಕಕ್ಕೋ ಹೊರಟುಬಿಡುವುದು. ಹಾಗೆ ಹೊರಟ ಮನಸ್ಸನ್ನು ಹಾಡು ಹಿಡಿದು ನಿಲ್ಲಿಸುವುದು. ಹಸಿಯ ಗಡಿಗೆಯನ್ನು ಹಲಗೆಯಿಂದ ತಟ್ಟುವಾಗ ಪೆಟ್ಟು ಒಂದೇ ಹದದಲ್ಲಿ ಬೀಳಬೇಕು. ಹಾಡಿನ ಲಯವು ಆ ಹದವನ್ನು ಕಾಯುವುದು. ನಮ್ಮ ತಾಯಂದಿರು ಬೀಸುಕಲ್ಲಿನ ಮುಂದೆ ದೇವರನ್ನು ನೆನೆದು ಪದವನ್ನೆತ್ತಿಕೊಳ್ಳುತ್ತಿದ್ದುದೂ ಇದೇ ಕಾರಣದಿಂದ. ಕಲ್ಲಿನ ಸುತ್ತಿಗೆ ಪದದ ಸಾಲು ಹೊಂದಿಕೊಂಡಾಗ ತೋಳಿನ ದಣಿವು ಅಷ್ಟಾಗಿ ತೋರದು.

ಪಶ್ಚಿಮದವರೂ ಇದನ್ನು ಅರಿಯದವರಲ್ಲ. ಮಹಾಯುದ್ಧದ ಕಾಲದಲ್ಲಿ, 1940ನೆಯ ಇಸವಿಯ ಜೂನ್ ತಿಂಗಳಲ್ಲಿ, ಇಂಗ್ಲೆಂಡಿನ ಬಿಬಿಸಿ ರೇಡಿಯೋ ಕಾರಖಾನೆಯ ಕೆಲಸಗಾರರಿಗಾಗಿಯೇ ಸಂಗೀತವನ್ನು ಬಿತ್ತರಿಸತೊಡಗಿತು. ಅದು ದಿನವಿಡೀ ನುಡಿಸಿದ ಸಂಗೀತವಲ್ಲ, ಅರ್ಧರ್ಧ ಗಂಟೆಯದು. ಇಡೀ ದಿನ ಕೇಳುವ ಗಾನವು ಕಿವಿಗೆ ಗಾಳಿಯ ಸದ್ದಿನಂತಾಗುವುದೆಂಬುದನ್ನು ಯಾರಾದರೂ ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು.

ಆದರೆ ಕೈಗೆಲಸಕ್ಕೆ ಸಲ್ಲುವ ಮಾತು ಓದಿಗೆ ಸಲ್ಲದು. 1989ರಲ್ಲಿ ಪ್ರಕಟವಾದ ಸಲಾಮೆ ಮತ್ತು ಬ್ಯಾಡ್ಲಿ ಎಂಬ ಮನಶ್ಶಾಸ್ತ್ರಜ್ಞರ ಪ್ರಯೋಗಗಳಲ್ಲಿ, ನೆನಪಿಡುವ ಕೆಲಸಕ್ಕೆ ಬರಿಯ ವಾದ್ಯಸಂಗೀತಕ್ಕಿಂತ ಹಾಡುಗಾರಿಕೆಯೇ ಹೆಚ್ಚು ಅಡ್ಡಿಯಾದುದು ಕಂಡುಬಂದಿತು. ಕಾರಣವೂ ಸ್ಪಷ್ಟವಾಗಿದೆ: ಓದುವವನ ಒಳಗೆ ಮಾತು ನಡೆಯುತ್ತಿರುವಾಗ ಹೊರಗಿನ ಮಾತು ಬಂದು ಅದರೊಡನೆ ತೊಡಕಿಕೊಳ್ಳುವುದು. ಅದರಲ್ಲಿಯೂ ವಚನವು ಅರ್ಥಕ್ಕಾಗಿಯೇ ಹುಟ್ಟಿದ ನುಡಿ. ವಚನವನ್ನು ಹಚ್ಚಿಟ್ಟು ಗಣಿತವನ್ನು ಬಿಡಿಸಲೆಳಸುವ ವಿದ್ಯಾರ್ಥಿಯು ಗಣಿತಕ್ಕೂ ವಚನಕ್ಕೂ ಅನ್ಯಾಯವನ್ನೇ ಮಾಡುವನು. ಓದುವ ಮುನ್ನ ಕಾಲು ಗಂಟೆ ಹಾಡಿ, ಅನಂತರ ಮೌನದಲ್ಲಿ ಪುಸ್ತಕವನ್ನು ತೆರೆಯುವುದು ಉತ್ತಮ. ಸದ್ದು ಬೇಕೇಬೇಕೆಂಬವರಿಗೆ ತಂಬೂರಿಯ ಶ್ರುತಿ ಸಾಕು. ಅದರಲ್ಲಿ ಮಾತಿಲ್ಲ, ತಿರುವುಗಳಿಲ್ಲ.

ಹಿರಿಯ ಗಾಯಕರ ವಿಷಯವಂತೂ ಬೇರೆ. ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠರೇ ಮುಂದೆ ಕುಮಾರ ಗಂಧರ್ವರೆಂದು ಲೋಕವಿಖ್ಯಾತರಾದರು. ಕ್ಷಯರೋಗದ ನಿಮಿತ್ತ ದೇವಾಸಕ್ಕೆ ಹೋಗಿ, ಹಲವು ವರ್ಷ ಹಾಡಲಾಗದೆ ಇದ್ದ ಕಾಲದಲ್ಲಿ ಅವರು ಮಾಳವದ ಜನಪದ ಗೀತಗಳಿಗೆ ಕಿವಿಗೊಟ್ಟರು. ಆಗ ಅವರಿಗೆ ಕೇಳುವುದೇ ಕಾಯಕವಾಗಿತ್ತು. ಅವರು ಹಾಡಿದ ನಿರ್ಗುಣ ಭಜನೆಗಳನ್ನು ಹಿನ್ನೆಲೆಗೆಂದು ಇಟ್ಟುಕೊಂಡು ಕಡತವನ್ನು ಬರೆಯುವುದು ಯಾರಿಗಾದರೂ ಸಾಧ್ಯವಾದರೆ, ಅವರು ಭಜನೆಯನ್ನು ಕೇಳಿಲ್ಲವೆಂದೇ ತಿಳಿಯಬೇಕು.

ಇನ್ನು ನೇಕಾರರ ಮಾತು. ವಡಗಾವಿ, ಖಾಸಬಾಗ, ಶಹಾಪುರಗಳಲ್ಲಿ ಕೈಮಗ್ಗದ ಲಾಳಿಯು ಓಡಾಡುತ್ತಿದ್ದಾಗ ಮಗ್ಗದ ಸದ್ದೇ ತಾಳವಾಗುತ್ತಿತ್ತು, ಮೇಲೆ ಹಾಡಿದ ಪದವೂ ಕೇಳುತ್ತಿತ್ತು. ವಿದ್ಯುನ್ಮಗ್ಗದ ಮುಂದೆ ನೇಕಾರನ ಕೊರಳು ತನಗೇ ಕೇಳದು. ಇಂತಹ ಮಗ್ಗಗಳ ಶಾಲೆಯಲ್ಲಿ ಸದ್ದು 90 ಡೆಸಿಬಲ್ಲುಗಳನ್ನು ಮೀರುವುದು ಸಾಮಾನ್ಯ. ಅದನ್ನು ಅಡಗಿಸಲೆಂದು ತರುಣರು ಕಿವಿಯೊಳಗೆ ಯಂತ್ರವನ್ನಿಟ್ಟು ಭಕ್ತಿಗೀತದ ಧ್ವನಿಯನ್ನು ಅದಕ್ಕಿಂತಲೂ ಏರಿಸಿದರೆ, ಶಾಂತಿಗೆಂದು ಹಚ್ಚಿದ ಗಾನವೇ ಕಿವಿಯ ಸೂಕ್ಷ್ಮ ಕೋಶಗಳನ್ನು ಕೊಲ್ಲುವುದು. ಅವು ಮರಳಿ ಹುಟ್ಟುವುವಲ್ಲ. ಕಿವಿ ಹೋದವನಿಗೆ ವಚನವೂ ಹೋದಂತೆಯೇ. ಅಂಥಲ್ಲಿ ಸದ್ದನ್ನು ತಡೆಯುವ ಕಿವಿಬೆಣೆಯನ್ನು ಧರಿಸಿ ನೇಯತಕ್ಕದ್ದು. ಮಗ್ಗವನ್ನು ನಡೆಸುವ ಮುನ್ನ, ಇಲ್ಲವೆ ವಿದ್ಯುತ್ತು ಹೋಗಿ ಮಗ್ಗಗಳೆಲ್ಲ ನಿಂತ ಹೊತ್ತಿನಲ್ಲಿ, ನಾಲ್ಕು ಮಂದಿ ಕೂಡಿ ಹಾಡಿಕೊಳ್ಳತಕ್ಕದ್ದು.